ಕರ್ಚೀಫಿನ ಕೆಳಗಿನ ಕಾರ್ಡುಗಳು

ಇಮ್ತಿಯಾಜ್, ಶೃಂಗೇರಿಯ ಆ ಪಂದ್ಯದಲ್ಲಿ ನಿನ್ನನ್ನು ಸೋಲಿಸಿದ್ದು ನನ್ನ ಸುಳ್ಳು. ಇಷ್ಟು ವರ್ಷ ನಿನ್ನ ಅಂಗಡಿಯಲ್ಲಿ ಕೂತು ಚಹಾ ಕುಡಿದಿದ್ದೇನೆ, ಊರಿನ ಸುದ್ದಿಯನ್ನೆಲ್ಲ ಮಾತಾಡಿದ್ದೇನೆ — ಇದೊಂದನ್ನು ಮಾತ್ರ ನುಂಗಿಕೊಂಡೇ ಬಂದೆ.

ಬಾಳಗಡಿಯ ನಿನ್ನ ಚಪ್ಪಲಿ ಅಂಗಡಿಯ ಹಿಂದಿನ ಕೋಣೆಯಲ್ಲಿ ನನಗೆ ಈ ಆಟ ಕಲಿಸಿದವನೇ ನೀನು. ಇಸ್ಪೀಟಲ್ಲ, ಬಾಜಿಯ ಮಾತೇ ಇಲ್ಲ. ತಮಗೆ ಬೇಕಾದ ಕಾರ್ಡು ಆರಿಸಿ ಜೋಡಿಸಿದ ಡೆಕ್ ತಂದು, ಸೈನಿಕ, ರಾಕ್ಷಸರನ್ನು ಕಣಕ್ಕಿಳಿಸಿ, ಎದುರಾಳಿಯ ಅಂಕವನ್ನು ಸೊನ್ನೆಗೆ ತರುವ ಆಟ. ನನ್ನದು ಅವಸರದ ಡೆಕ್, ಮೊದಲ ಸುತ್ತಿನಿಂದಲೇ ಮೈಮೇಲೆ ಬೀಳುವುದು. ನಿನ್ನದು ನಿಧಾನದ್ದು. ಮೊದಲೆಲ್ಲ ಪೆಟ್ಟು ತಿನ್ನುವುದು, ಸಣ್ಣ ಕಾರ್ಡು ಬಲಿಕೊಟ್ಟು ಜೀವ ಉಳಿಸಿಕೊಳ್ಳುವುದು, ಇಡೀ ಕಣ ಗುಡಿಸಿ ಹಾಕುವ ಕಾರ್ಡು ಕೈಯಲ್ಲಿದ್ದರೂ ಹೊರಗೆ ತೆಗೆಯದಿರುವುದು. "ಹೆದ್ರಿಕೆ ಆದ ಕೂಡ್ಲೆ ಅದನ್ನ ಬಿಟ್ರೆ ಕತೆ ಮುಗೀತು ಮಾರಾಯ. ಅವನ ಕೈ ಖಾಲಿಯಾಗ್ಲಿ, ಆಮೇಲೆ ನೋಡು" ಎನ್ನುವುದು ನಿನ್ನ ಪಾಠ. ನಾನು ಅದಕ್ಕೆ ಮುದುಕರ ಡೆಕ್ ಎಂದು ಹೆಸರಿಟ್ಟು ನಗುತ್ತಿದ್ದೆ.

ನಮ್ಮಲ್ಲೊಂದು ಪದ್ಧತಿಯಿತ್ತು. ಗಿರಾಕಿ ಬಂದರೆ, ನಮಾಜಿಗೆ ಹೊತ್ತಾದರೆ, ನನಗೆ ಮನೆಯಿಂದ ಫೋನ್ ಬಂದರೆ — ಕಾರ್ಡುಗಳನ್ನು ಬೋರಲು ಇಟ್ಟು, ಮೇಲೆ ಚಪ್ಪಲಿ ಡಬ್ಬಿಯ ಮುಚ್ಚಳ ಮುಚ್ಚಿ ಎದ್ದು ಹೋಗುವುದು. ಇನ್ನೊಬ್ಬ ಕಾಯುವುದು. ಮುಚ್ಚಳ ಎತ್ತಿ ನೋಡುವ ಯೋಚನೆ ಕೂಡ ಇಬ್ಬರಿಗೂ ಬಂದಿರಲಿಲ್ಲ.

ಅದೊಂದು ರಜೆಯ ಶುಕ್ರವಾರ. ಶೃಂಗೇರಿಯಲ್ಲಿ ಕೊನೆಯ ಪಂದ್ಯ ನಮ್ಮಿಬ್ಬರದೇ. ಗೆದ್ದವನು ಶಿವಮೊಗ್ಗದ ದೊಡ್ಡ ಪಂದ್ಯಕ್ಕೆ. ನೀನು ವರ್ಷಗಟ್ಟಲೆ ಆಸೆಪಟ್ಟ ಜಾಗ ಅದು. ನನ್ನ ಕೈ ಖಾಲಿಯಾಗಿತ್ತು, ನಿನ್ನ ಕೈತುಂಬ ಕಾರ್ಡು. ಇನ್ನು ಆಟ ನಿನ್ನದೇ ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಆಗ ಜುಮ್ಮಾ ನಮಾಜಿನ ಹೊತ್ತಾಯಿತು. ಅಲ್ಲಿ ಡಬ್ಬಿಯ ಮುಚ್ಚಳ ಎಲ್ಲಿಂದ ಬರಬೇಕು, ನೀನು ಕಾರ್ಡಿನ ಮೇಲೆ ಕರ್ಚೀಫು ಹಾಸಿದೆ. "ಹಂಗೇ ಇರ್ಲಿ. ಬೇಗ ಬರ್ತೀನಿ, ಪಂದ್ಯ ನಡೆಸೋರಿಗೆ ನೀನೇ ಒಂದು ಮಾತು ಹೇಳು" ಎಂದು ಹೊರಟೆ. ನಾನು ಹೂಂ ಎಂದೆ.

ಸ್ವಲ್ಪ ಹೊತ್ತಿಗೆ ಪಂದ್ಯ ನಡೆಸುವವರು ಬಂದರು. ಹೊರಗಿನವರು, ನಮ್ಮ ಪದ್ಧತಿ ಅವರಿಗೇನು ಗೊತ್ತು? ಖಾಲಿ ಕುರ್ಚಿ ನೋಡಿ, ಇವರು ವಾಪಸ್ ಬರುತ್ತಾರಾ, ಬರುವುದಾದರೆ ಕಾಯೋಣ ಎಂದರು. ಕಾಯೋಣ ಎಂದರು, ಇಮ್ತಿಯಾಜ್. ನಾನು —

"ಗೊತ್ತಿಲ್ಲ ಸರ್. ಏನೂ ಹೇಳ್ಲಿಲ್ಲ" ಎಂದೆ.

ಗೆದ್ದವನು ನಾನೇ ಎಂದಾಯಿತು. ಕರ್ಚೀಫು ಎತ್ತಿದವನೂ ನಾನೇ. ಕಣ ಗುಡಿಸುವ ಕಾರ್ಡು ಅಲ್ಲೇ ಇತ್ತು, ಅದರ ಪಕ್ಕದಲ್ಲಿ ನಿನ್ನ ದೊಡ್ಡ ರಾಕ್ಷಸ.

ನೀನು ಏದುಸಿರು ಬಿಡುತ್ತಾ ಬಂದೆ. ನಾನು ಹೇಳಿದರೂ ಅವರು ಕೇಳಲಿಲ್ಲ ಎಂದು ಇನ್ನೊಂದು ಸುಳ್ಳು ಪೋಣಿಸಿದೆ. ನೀನು ಜಗಳಕ್ಕೂ ಹೋಗಲಿಲ್ಲ. ಮಧ್ಯದಲ್ಲಿ ಎದ್ದದ್ದು ನಿನ್ನದೇ ತಪ್ಪು ಎಂದುಕೊಂಡು ಬಸ್ಸು ಹತ್ತಿದವನು, ಆ ರಾಕ್ಷಸನ ಕಾರ್ಡನ್ನು ನನ್ನ ಕೈಗಿಟ್ಟೆ, ಶಿವಮೊಗ್ಗದಲ್ಲಿ ಬೇಕಾಗುತ್ತದೆ ಎಂದು. ನಾನು ತೆಗೆದುಕೊಂಡೆ. ಹೇಗೆ ತೆಗೆದುಕೊಂಡೆನೋ — ಅಲ್ಲಿ ಮೊದಲ ಪಂದ್ಯದಲ್ಲೇ ಸೋತು ಬಂದಾಗ, ಅಲ್ಲಿಗೆ ಸರಿಹೋಯಿತು ಎಂದು ಸಮಾಧಾನ ಬೇರೆ ಪಟ್ಟುಕೊಂಡೆ. ನೆನೆದರೆ ಈಗಲೂ ಮುಖ ಎತ್ತಲಾಗುವುದಿಲ್ಲ. ನೀನು ಮತ್ತೆ ಯಾವ ಪಂದ್ಯಕ್ಕೂ ಹೋಗಲಿಲ್ಲ.

ಮೊನ್ನೆ ನಿನ್ನ ಮಗಳು ಶಬಾನಾ ಕೊಪ್ಪದ ಪಂದ್ಯಕ್ಕೆಂದು ನಿನ್ನ ಹಳೆಯ ಡೆಕ್ ಜೋಡಿಸುತ್ತಿದ್ದಳು. ನಾನು ಪಕ್ಕದಲ್ಲೇ ಕೂತಿದ್ದೆ. ನೀನು ಅವಳಿಗೆ ಬುದ್ಧಿ ಹೇಳಿದೆ: "ಏನೇ ಆದ್ರೂ ಮಧ್ಯ ಏಳ್ಬೇಡ ಮಗಾ. ಯಾರೂ ಕಾಯಲ್ಲ." ಹೇಳಿ, ಹೌದೋ ಅಲ್ಲವೋ ಎಂಬಂತೆ ನನ್ನತ್ತ ನೋಡಿದೆ. ನಾನು ತಲೆಯಾಡಿಸಿದೆ.

ಶೃಂಗೇರಿಯಲ್ಲಿ ಅವರು ಕಾಯಲು ತಯಾರಿದ್ದರು. ಕಾಯಲಾಗದವನು ನಾನೊಬ್ಬನೇ. ನಾಳೆ ಆ ರಾಕ್ಷಸನ ಕಾರ್ಡು ಹಿಡಿದುಕೊಂಡು ಅಂಗಡಿಗೆ ಬರುತ್ತೇನೆ. ಶಬಾನಾಳ ಎದುರಿಗೇ ಇದನ್ನೆಲ್ಲ ಹೇಳುತ್ತೇನೆ. ಕೇಳಿ ನೀನು ಎದ್ದು ಹೊರಗೆ ಹೋಗಬಹುದು — ಹೋಗು. ನಾನು ಅಲ್ಲೇ ಕೂತಿರುತ್ತೇನೆ.