ಕೆಸು ಉಜ್ಜಿದ ಕೈ

ಆಗ ನನಗೆ ಮೂಗಿನ ತುದಿಯಲ್ಲೇ ಸಿಟ್ಟು. ಐವತ್ತರ ದಶಕದ ಕೊನೆಯ ವರ್ಷಗಳು. ಕ್ಷಯಕ್ಕೆ ಲಸಿಕೆ ಹಾಕುವ ತಂಡ ಸೇರಿ ಪುತ್ತೂರಿನಿಂದ ಸುಳ್ಯದವರೆಗೆ ಊರೂರು ತಿರುಗುತ್ತಿದ್ದೆ. ಆ ಲಸಿಕೆ ಮಹಾ ನಾಜೂಕು. ಬಿಸಿಲು ತಾಗಬಾರದು, ಬಿಸಿಯಾಗಬಾರದು. ಮಂಗಳೂರಿನ ಬಸ್ಸಿನಲ್ಲಿ ಭತ್ತದ ಉಮಿಯೊಳಗೆ ಹುದುಗಿ ಬರುತ್ತಿದ್ದ ಮಂಜುಗಡ್ಡೆಯನ್ನು ಫ್ಲಾಸ್ಕಿಗೆ ತುಂಬಿ, ಲಸಿಕೆಯನ್ನು ಅದರಲ್ಲಿಟ್ಟು, ಕಪ್ಪು ಬಟ್ಟೆ ಸುತ್ತಿ ನಡೆಯುತ್ತಿದ್ದೆವು. ಕೊಡೆ ಫ್ಲಾಸ್ಕಿಗೆ, ಬಿಸಿಲು ನಮ್ಮ ತಲೆಗೆ. ಗದ್ದೆಯಲ್ಲಿದ್ದ ಹೆಂಗಸರು, "ಒಳಗೆ ಮದುಮಗಳು ಉಂಟಾ ಮಾರಾಯ್ರೆ?" ಎಂದು ನಗುತ್ತಿದ್ದರು.

ಎಲ್ಲರಿಗೂ ನೇರವಾಗಿ ಲಸಿಕೆ ಹಾಕುವಂತಿರಲಿಲ್ಲ. ಮೊದಲು ಮುಂಗೈಗೆ ಪರೀಕ್ಷೆಯ ಸೂಜಿ. ಮೂರನೆಯ ದಿನ ಬಂದು ಕೈ ನೋಡುವುದು. ಚುಚ್ಚಿದಲ್ಲಿ ಗಟ್ಟಿಯಾಗಿ ಊದಿದ್ದರೆ ರೋಗಾಣು ಆಗಲೇ ಮೈಯೊಳಗೆ ಹೊಕ್ಕಿದೆ ಎಂದು ಅರ್ಥ. ಅಂಥವರಿಗೆ ಲಸಿಕೆ ಇಲ್ಲ. ಏನೂ ಆಗದವರಿಗೆ ಮಾತ್ರ ತೋಳಿಗೆ ಲಸಿಕೆ. "ಕಣ್ಣನ್ನು ನಂಬಬೇಡ, ಬೆರಳಲ್ಲಿ ಮುಟ್ಟಿ ನೋಡು" ಎಂದು ತಂಡದ ಹಿರಿಯರು ಕಲಿಸಿದ್ದರು. ಕೆಂಪಾದದ್ದು ಕಣ್ಣಿಗೆ ಕಾಣುತ್ತದೆ, ಆದರೆ ಲೆಕ್ಕಕ್ಕಿಲ್ಲ; ಗಟ್ಟಿಯಾದದ್ದು ಬೆರಳಿಗಷ್ಟೇ ಸಿಗುತ್ತದೆ.

ಆಲೆಟ್ಟಿಯ ಶಾಲೆಗೆ ಒಬ್ಬರು ಅಜ್ಜಿ ಐದು ವರ್ಷದ ಮೊಮ್ಮಗಳನ್ನು ಕರೆತಂದಿದ್ದರು. ಮಗುವಿನ ತಾಯಿಗೆ, ಅಂದರೆ ಅಜ್ಜಿಯ ಮಗಳಿಗೆ, ಕ್ಷಯ. ಒಂದು ವರ್ಷ ಮದ್ದು ನಡೆದು ಕೆಮ್ಮು ನಿಂತಿತ್ತು. ಆದರೂ ಲಸಿಕೆ ಹಾಕಿಸಿ, ಅದು ಮೈಗೆ ಹಿಡಿಯುವವರೆಗೆ ಮಗುವನ್ನು ಹತ್ತಿರ ಬಿಡಬೇಡಿ ಎಂದಿದ್ದರು ಡಾಕ್ಟರು. ಹಾಗಾಗಿ ಮದ್ದು ಶುರುವಾದಂದಿನಿಂದ ಈವರೆಗೂ ತಾಯಿ ಗಂಡನ ಮನೆಯಲ್ಲಿ, ಮಗು ಅಜ್ಜಿಯ ಮನೆಯಲ್ಲಿ. ಕೈ ನೋಡುವ ದಿನ ತಾಯಿಯೂ ಬಂದಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಅಂಗಳದ ಆಚೆ ಮಾವಿನ ಮರದಡಿ ನಿಂತಿದ್ದಳು.

ಸಾಲು ಉದ್ದ ಇತ್ತು, ಫ್ಲಾಸ್ಕಿನ ಮಂಜು ಕರಗುತ್ತಿತ್ತು. ಮಗುವಿನ ಕೈ ಕೆಂಪಗೆ ಉಬ್ಬಿತ್ತು. ನಾನು ಮುಟ್ಟಲೂ ಇಲ್ಲ. "ಇವಳಿಗೆ ಲಸಿಕೆ ಇಲ್ಲ, ರೋಗಾಣು ಆಗಲೇ ಹೊಕ್ಕಿದೆ" ಎಂದು ದೊಡ್ಡ ಸ್ವರದಲ್ಲಿ ಹೇಳಿಬಿಟ್ಟೆ.

"ನನ್ನಿಂದ ಬಂದದ್ದಾ?" ಎಂದಳು ತಾಯಿ ಮರದಡಿಯಿಂದ. ಅಷ್ಟು ಹೇಳಿ ನೆಲಕ್ಕೆ ಕುಸಿದು ಕೂತಳು. ಅಯ್ಯೋ, ನನ್ನ ಬಾಯಿಗೆ ಬೆಂಕಿ ಬೀಳಲಿ ಅನ್ನಿಸಿತು.

ಮಗು ಮಾತ್ರ ಪರಪರ ಕೈ ಕೆರೆದುಕೊಳ್ಳುತ್ತಿತ್ತು. ಆ ಕೆರೆತ ಕಂಡು ನನಗೆ ಸಂಶಯ ಬಂತು. ಕೈ ಹಿಡಿದು, ಕಣ್ಣು ಮುಚ್ಚಿ ಬೆರಳಾಡಿಸಿದೆ. ಚರ್ಮ ಬಿಸಿ ಇತ್ತು, ದದ್ದು ಇತ್ತು. ಒಳಗೆ ಗಟ್ಟಿ ಸಿಗಲಿಲ್ಲ.

"ಅಜ್ಜಿ, ಇದಕ್ಕೆ ಎಂತ ಮಾಡಿದ್ದು?"

"ಎಂತ ಮಾಡುದು? ನಿನ್ನೆವರೆಗೆ ಏನೂ ಏಳ್ಲಿಲ್ಲ. ಬೆಳಿಗ್ಗೆ ಸ್ವಲ್ಪ ಕೆಸುವಿನ ದಂಟು ಉಜ್ಜಿದೆ" ಎಂದರು ಅಜ್ಜಿ, ದೊಡ್ಡ ಉಪಕಾರ ಮಾಡಿದವರ ಹಾಗೆ.

ಸಿಡುಬಿಗೆ ಚುಚ್ಚಿದರೆ ಗುಳ್ಳೆ ಏಳಬೇಕು; ಏಳದಿದ್ದರೆ ಮದ್ದು ಹಿಡಿಯಲಿಲ್ಲವೆಂದು ಪುನಃ ಚುಚ್ಚುತ್ತಾರೆ. ಇದೂ ಹಾಗೆಯೇ ಎಂದು ಅವರು ತಿಳಿದಿದ್ದರು. ಎದ್ದರೆ ಮಗುವನ್ನು ಬೇಗ ತಾಯಿಯ ಹತ್ತಿರ ಕಳಿಸಬಹುದಲ್ಲ ಎಂಬ ಆಸೆ ಬೇರೆ.

ನನಗೆ ಸಿಟ್ಟು ನೆತ್ತಿಗೇರಿತು. "ಹಸಿ ಕೆಸು ತುರಿಸುದು ಗೊತ್ತಿಲ್ವಾ ನಿಮಗೆ?"

ಅಜ್ಜಿ ಬಿಡುವವರಲ್ಲ. "ನಾನು ಉಜ್ಜಿದ್ದು ತಪ್ಪೇ. ನೀವು ಮುಟ್ಟದೆ ಹೇಳಿದ್ದು?"

ಹಿರಿಯರು ಪಕ್ಕದಿಂದ ನನ್ನ ಮುಖ ನೋಡಿದರು. ನಾನು ಮರದಡಿಗೆ ಹೋಗಿ, "ತಪ್ಪಾಯ್ತು ಅಕ್ಕ. ರೋಗಾಣು ಉಂಟು ಅಂತ ಈಗ ಹೇಳ್ಲಿಕ್ಕಾಗುದಿಲ್ಲ. ಇನ್ನೊಂದು ಕೈಗೆ ಹೊಸತಾಗಿ ಪರೀಕ್ಷೆ ಮಾಡುವ" ಎಂದೆ. ಅವಳು ತಲೆಯಾಡಿಸಿದಳು. ಮಗುವಿನ ಬಲಗೈಗೆ ಆಗಲೇ ಪರೀಕ್ಷೆಯ ಸೂಜಿ ಹಾಕಿದೆ.

ಆ ಮೂರು ದಿನ ನಮ್ಮ ಬಿಡಾರ ಅಜ್ಜಾವರದಲ್ಲಿ. ನನಗೆ ಊಟ ಸೇರಲಿಲ್ಲ. ನಿಜವಾಗಿಯೂ ಊದಿದರೆ? ಮೂರನೆಯ ದಿನ ಫ್ಲಾಸ್ಕಿಗೆ ಕೊಡೆ ಹಿಡಿದು ಆಲೆಟ್ಟಿಗೆ ನಡೆದೆ. ಅಜ್ಜಿ ಮಗುವಿನ ಬಲಗೈಗೆ ಬಾಳೆಲೆ ಸುತ್ತಿ, ಮೇಲೆ ಬಟ್ಟೆ ಕಟ್ಟಿ ತಂದಿದ್ದರು. "ಮೂರು ದಿನ ನೀರು ಸಹ ಮುಟ್ಟಿಸ್ಲಿಲ್ಲ. ಈಗ ನೀವು ಮುಟ್ಟಿ."

ಬಿಚ್ಚಿ ಮುಟ್ಟಿದೆ. ಏನೂ ಇಲ್ಲ. ಮತ್ತೊಮ್ಮೆ ಮುಟ್ಟಿದೆ. ಏನೂ ಇಲ್ಲ! "ಸೊನ್ನೆ!" ಎಂದು ಕೂಗಿಯೇಬಿಟ್ಟೆ. ಮರದಡಿಯಿದ್ದ ತಾಯಿ ಗಾಬರಿಯಿಂದ ಎದ್ದು ನಿಂತಳು. "ಒಳ್ಳೇದೇ ಅಕ್ಕ, ರೋಗಾಣು ಇಲ್ಲ!" ಎಂದು ಹೇಳಿ, ಮಗುವಿನ ಎಡತೋಳಿಗೆ ಲಸಿಕೆ ಹಾಕಿದೆ. ಅಂದು ಅಜ್ಜಾವರಕ್ಕೆ ಹಿಂತಿರುಗಿ ನಾನು ಉಂಡದ್ದನ್ನು ನೋಡಿ ಅಡುಗೆಯವನೇ ಹೆದರಿದ.

ಕೆಲವು ತಿಂಗಳ ನಂತರ ಆ ದಾರಿಯಲ್ಲಿ ಹೋಗುವಾಗ ಮಗುವಿನ ತಾಯಿಯ ಮನೆಗೆ ಹೋದೆ. ಅಜ್ಜಿಯೂ ಅಲ್ಲಿದ್ದರು. ತಾಯಿ ಜಗಲಿಯಲ್ಲಿ ಮಗಳನ್ನು ಮುಂದೆ ಕೂರಿಸಿಕೊಂಡು ತಲೆಯ ಹೇನು ಹೆಕ್ಕುತ್ತಿದ್ದಳು. ಮಗುವಿನ ತೋಳಿನಲ್ಲಿ ಲಸಿಕೆಯ ಕಲೆ ಮೂಡಿತ್ತು.

"ಚಂದ ಹಿಡಿದಿದೆ" ಎಂದೆ, ಮೆಟ್ಟಿಲ ಬುಡದಿಂದಲೇ.

"ಮುಟ್ಟಿ ನೋಡಿ ಮಾರಾಯ್ರೆ!" ಎಂದರು ಅಜ್ಜಿ.

ಜಗಲಿ ಹತ್ತಿ ಹೋಗಿ ಮುಟ್ಟಿದೆ. ತಾಯಿಗೆ ನಮ್ಮಿಬ್ಬರ ಕಡೆ ಗಮನವೇ ಇರಲಿಲ್ಲ. "ಎಂತಮ್ಮ ಇದು, ಒಂದು ವರ್ಷದಲ್ಲಿ ಇಷ್ಟು ಹೇನು ಸಾಕಿದ್ದೀಯಲ್ಲ!" ಎಂದು ಅಜ್ಜಿಗೆ ಗದರಿ, ಮಗಳ ತಲೆಯನ್ನು ಎರಡೂ ಕೈಯಲ್ಲಿ ಹಿಡಿದು ಇನ್ನಷ್ಟು ಹತ್ತಿರ ಎಳೆದುಕೊಂಡಳು.