ಹನ್ನೊಂದಡಿ ಎತ್ತರ

ಪಾರ್ಸಿಪನಿ ಎಂಬ ಅಮೆರಿಕನ್ ಊರಿನ ಹೋಟೆಲೊಂದರ ಸಭೆಗೆ ಸೌಂಡ್ ನೋಡಿಕೊಳ್ಳಲು ಹೋಗಿದ್ದೆ. ಸಂಪ್ರದಾಯವಾದಿ ರಾಜಕಾರಣಿಯೊಬ್ಬರು ಮುಕ್ಕಾಲು ಗಂಟೆ ಯುರೋಪನ್ನು ಬೈದರು. ಹವಾಮಾನದ ಹೆಸರಲ್ಲಿ ಕಾನೂನು ಮಾಡಿ ಮಾಡಿ ಅಲ್ಲಿನವರು ಕಾರ್ಖಾನೆ ಮುಚ್ಚಿಕೊಂಡರಂತೆ, ಜನ ರೊಚ್ಚಿಗೆದ್ದು ಸರ್ಕಾರಗಳನ್ನೇ ಕಿತ್ತೆಸೆಯುತ್ತಿದ್ದಾರಂತೆ, ಸಮುದ್ರ ಏರುತ್ತದೆ ಅನ್ನೋದು ಬರೀ ಹೆದರಿಸೋ ಮಾತಂತೆ. ಚಪ್ಪಾಳೆಯೋ ಚಪ್ಪಾಳೆ.

ವೇದಿಕೆ ಇಳಿದವರು ಕೋಟಿನ ಮೈಕ್ ತೆಗೆಯದೆ ಫೋನ್ ಹಿಡಿದು ಕಾರಿಡಾರಿಗೆ ಹೋದರು. ಹಾಲಿನ ಸ್ಪೀಕರ್ ಕಟ್ ಮಾಡಿದ್ದೆ. ನನ್ನ ಹೆಡ್‌ಫೋನಿನಲ್ಲಿ ಮಾತ್ರ ಕೇಳುತ್ತಿತ್ತು, ರೆಕಾರ್ಡೂ ಆಗುತ್ತಿತ್ತು. ಸಮುದ್ರದಂಡೆಯ ತಮ್ಮ ಮನೆಯನ್ನು ಕಂಬಗಳ ಮೇಲೆ ಎತ್ತಿಸುತ್ತಿದ್ದಾರೆ! "ಎಂಟಡಿ ಸಾಲದು, ಹನ್ನೊಂದು ಮಾಡು. ವರ್ಷವರ್ಷ ನೀರು ಒಳಗೆ ಬರ್ತಿದೆ, ಕಣ್ಣು ಕಾಣಲ್ವಾ ನಿಂಗೆ?" ಎಂದು ಕಂಟ್ರಾಕ್ಟರನಿಗೆ ರೇಗಿದರು.

ಮೈಕ್ ಬಿಚ್ಚುವಾಗ, "ಸರ್, ಇದು ಆನ್ ಇತ್ತು" ಅಂದೆ.

ಬೆಚ್ಚಿಬಿದ್ದರು. "ಯಾರು ಕೇಳಿಸಿಕೊಂಡರು?"

"ನಾನೊಬ್ಬನೇ."

"ಓ, ಹಾಗಾದರೆ ಪರವಾಗಿಲ್ಲ" ಎಂದು ನಗುತ್ತಾ ಭುಜ ತಟ್ಟಿದರು.

ಹೆಡ್‌ಫೋನಿಗೆ ಬಿದ್ದದ್ದು ಹೊರಗೆ ಹೋಗಬಾರದು ಅನ್ನೋದು ನಮ್ಮ ಕೆಲಸದ ರೂಲ್. ಆ ರೂಲಿನ ಹಿಂದೆ ಅಡಗಿಕೊಂಡು ಡಿಲೀಟ್ ಒತ್ತಿದೆ. ಹೊರಗೆ ಆಗಲೇ ಮಳೆ ಜೋರಾಗಿತ್ತು. ಬೇಗ ಹೊರಟೆ. ನಾನು ಬಾಡಿಗೆಗಿರುವ ಬೇಸ್‌ಮೆಂಟು ರಸ್ತೆಗಿಂತ ಏಳಡಿ ಕೆಳಗಿದೆ.