ಅಣ್ಣ ತುಂಬಿಸಿದ ಪೆಟ್ರೋಲ್

ಎಂಟು ತಿಂಗಳಿಂದ ನನ್ನ ಮಂಚದ ಕೆಳಗೆ ಒಂದು ಮರ ಕೊಯ್ಯುವ ಮಷೀನ್ ಮಲಗಿತ್ತು. ಹಳೆಯ ಬೆಡ್‌ಶೀಟ್ ಸುತ್ತಿ ಇಟ್ಟಿದ್ದೆ. ಟ್ಯಾಂಕಿನಲ್ಲಿ ಅರ್ಧದಷ್ಟು ಪೆಟ್ರೋಲ್ ಹಾಗೇ ಇತ್ತು. ಕೋಣೆಯೆಲ್ಲ ಅದರದೇ ವಾಸನೆ.

‘ಏನೇ ಇದು, ಪೆಟ್ರೋಲ್ ಬಂಕಲ್ಲಿ ಮಲಗ್ತೀಯಾ?’ ಎಂದು ಮನೆಗೆ ಬಂದ ಗೆಳತಿಯೊಬ್ಬಳು ಮೂಗು ಮುಚ್ಚಿಕೊಂಡಳು. ನಕ್ಕು ಕಿಟಕಿ ತೆರೆದೆ. ಹೇಗೆ ಹೇಳುವುದು? ಆ ಪೆಟ್ರೋಲ್ ತುಂಬಿಸಿದ್ದು ನನ್ನ ಅಣ್ಣ. ಮಾರ್ಚ್ ತಿಂಗಳ ಒಂದು ಭಾನುವಾರ ತುಂಬಿಸಿದ. ಮಂಗಳವಾರ ಅವನು ಇರಲಿಲ್ಲ.

ಅಣ್ಣನ ಬಗ್ಗೆ ನೀವು ಈ ಅಂಕಣದಲ್ಲಿ ಓದಿಲ್ಲ. ನಮ್ಮ ಜೋಗುಪಾಳ್ಯದ ನಲ್ಲಿ ನೀರು ಬಂದಿದೆ, ಮೆಟ್ರೋ ಸೀಟಿನ ಜಗಳ ಬಂದಿದೆ, ಎದುರುಮನೆ ಬೆಕ್ಕು ಎರಡು ಸಲ ಬಂದಿದೆ. ಅಣ್ಣ ಬಂದಿಲ್ಲ. ಅದು ಅವನದೇ ಆರ್ಡರ್. ‘ಏನ್ ಬೇಕಾದ್ರೂ ಬರ್ಕೋ, ನನ್ನ ಹೆಸರು ಮಾತ್ರ ಹಾಕ್ಬೇಡ. ಕಸ್ಟಮರ್‌ಗಳು ಓದ್ತಾರೆ.’ (ಈಗಲೂ ಹಾಕುತ್ತಿಲ್ಲ ಕಣೋ.)

ಅವನ ಕೆಲಸ ಮರದ್ದು. ಇಂದಿರಾನಗರ, ಹಲಸೂರು ಕಡೆ ಮನೆಯ ಮೇಲೆ ವಾಲಿದ ಕೊಂಬೆ ಇಳಿಸುವುದು, ಮಳೆಗಾಳಿಗೆ ರಸ್ತೆಗೆ ಬಿದ್ದ ಮರ ತುಂಡು ಮಾಡುವುದು. ಅನುಮತಿ ಪತ್ರ ತೋರಿಸದಿದ್ದರೆ ಒಂದು ರೆಂಬೆಯನ್ನೂ ಮುಟ್ಟುತ್ತಿರಲಿಲ್ಲ. ಅಪ್ಪ ಅಮ್ಮ ಹೋದ ಮೇಲೆ ಎರಡು ಕೋಣೆಯ ಆ ಮನೆಯಲ್ಲಿ ನಾವಿಬ್ಬರೇ. ಅವನೂ ಮದುವೆಯಾಗಲಿಲ್ಲ, ನಾನೂ ಆಗಲಿಲ್ಲ. (ಯಾರು ಯಾರಿಗಾಗಿ ಆಗಲಿಲ್ಲ ಎಂದು ಒಮ್ಮೆಯೂ ಮಾತಾಡಲಿಲ್ಲ.)

ಭಾನುವಾರ ಬೆಳಿಗ್ಗೆ ಜನ ದೇವಸ್ಥಾನಕ್ಕೋ ಚರ್ಚಿಗೋ ಹೋಗುತ್ತಿದ್ದರು. ಅಣ್ಣ ಮಷೀನ್ ಎತ್ತಿಕೊಂಡು ತಾರಸಿಗೆ ಹೋಗುತ್ತಿದ್ದ. ಅಂಗಡಿಯಿಂದ ಬಂದಾಗ ಅದು ಎಲ್ಲರ ಮಷೀನಿನಂತೆಯೇ ಇತ್ತಂತೆ. ಅದನ್ನು ತನ್ನದಾಗಿ ಮಾಡಿಕೊಳ್ಳಲು ಅವನಿಗೆ ವರ್ಷಗಳೇ ಹಿಡಿದವು. ಸೈಲೆನ್ಸರ್ ಬಿಚ್ಚಿ, ಹೊಗೆ ಸಲೀಸಾಗಿ ಹೋಗಲೆಂದು ಇನ್ನೊಂದು ತೂತು ಕೊರೆದ. ಉದ್ದದ ಬ್ಲೇಡ್ ತೆಗೆದು ಗಿಡ್ಡದ್ದು ಹಾಕಿದ. ಚೈನಿನ ಹಲ್ಲುಗಳಿಗೆ ಒಂದೊಂದಾಗಿ ಅರ ಹಾಕುತ್ತ ಕೂರುತ್ತಿದ್ದ, ಪ್ರತಿ ಹಲ್ಲಿಗೂ ಮೂರೇ ಎಳೆತ. ಕೊನೆಗೆ ಸಣ್ಣ ಸ್ಕ್ರೂ ಡ್ರೈವರ್ ಹಿಡಿದು ಟ್ಯೂನಿಂಗ್. ಎಂಜಿನ್‌ಗೆ ಎಷ್ಟು ಪೆಟ್ರೋಲ್ ಹೋಗಬೇಕು ಎಂದು ತೀರ್ಮಾನಿಸುವ ಸ್ಕ್ರೂ ಅದು. ಕೂದಲೆಳೆಯಷ್ಟು ತಿರುಗಿಸುವುದು, ಕಣ್ಣು ಮುಚ್ಚಿ ಕೇಳುವುದು, ಮತ್ತೆ ತಿರುಗಿಸುವುದು.

ಪಕ್ಕದ ಮನೆಯ ಸೆಲ್ವಿ ಅಕ್ಕ ಅಣ್ಣನನ್ನು ತಮಿಳಿನಲ್ಲಿ ‘ತಮ್ಮ’ ಎಂದು ಕರೆಯುತ್ತ ಕಿಟಕಿಯಿಂದ ಕೂಗುತ್ತಿದ್ದರು. ‘ಎನ್ನ ತಂಬಿ, ಸಂಡೇನೂ ಬಿಡಲ್ವಾ? ನಿನ್ ಮಷೀನ್‌ಗೆ ಕೆಮ್ಮು ಬಂದಿದೆ, ಡಾಕ್ಟರ್‌ಗೆ ತೋರ್ಸು!’

ಕೆಮ್ಮು ನಿಜವೇ. ಬೇರೆಯವರ ಮಷೀನ್‌ಗಳು ಸಿಳ್ಳೆ ಹಾಕುತ್ತಿದ್ದವು. ಅಣ್ಣನದು ಖಾಲಿ ಓಡುವಾಗ ಗೊರಗೊರ ಕೆಮ್ಮುತ್ತಿತ್ತು. ಮರಕ್ಕೆ ತಾಗಿಸಿದ ಕೂಡಲೇ ಗಂಟಲು ಸರಿಮಾಡಿಕೊಂಡು ಒಂದೇ ಸಮನೆ ಹಾಡುತ್ತಿತ್ತು. ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಹೇಳಿದ್ದ: ‘ಸಿಳ್ಳೆ ಹಾಕೋದು ಕೇಳೋಕೆ ಚೆಂದ ಕಣೇ. ಆದ್ರೆ ಅದಕ್ಕೆ ಒಳಗೆ ಪೆಟ್ರೋಲ್ ಸಾಲ್ತಾ ಇರಲ್ಲ, ಸುಟ್ಟು ಹೋಗ್ತಿರುತ್ತೆ. ಸ್ವಲ್ಪ ಕೆಮ್ಮೋ ಮಷೀನು ತುಂಬಾ ವರ್ಷ ಬಾಳುತ್ತೆ.’

ಅವನು ಮಾತ್ರ ಒಂದು ದಿನವೂ ಕೆಮ್ಮಲಿಲ್ಲ. ಎದೆ ನೋವು ಎಂದು ಹೇಳಲಿಲ್ಲ.

ಹೋದ ತಿಂಗಳು ಶರಣಪ್ಪ ಬಂದ. ಯಾದಗಿರಿ ಕಡೆಯವನು, ಕೆ.ಆರ್. ಪುರದಲ್ಲಿ ಒಂದು ಬಾಡಿಗೆ ರೂಮಿನಲ್ಲಿ ಹೆಂಡತಿ ಮಕ್ಕಳ ಜೊತೆ ಇದ್ದಾನೆ. ಹನ್ನೆರಡು ವರ್ಷ ಅಣ್ಣನ ಜೊತೆ ಕೊಂಬೆ ಇಳಿಸುವ ಹಗ್ಗ ಹಿಡಿದವನು. ಬಾಗಿಲಲ್ಲೇ ನಿಂತ.

‘ಅಕ್ಕಾರ, ಕೆಲಸ ಕರೀಲಿಕ್ಕತ್ತಾರ್ರಿ. ಬಾಡಿಗಿ ಮಷೀನ್ ತಂದು ಮಾಡ್ಲಿಕ್ಕತ್ತೀನಿ. ಅದು ಕೈಗೆ ಕುಂದ್ರವಲ್ದು. ಅಣ್ಣಾರ್ದು ಕೊಟ್ರ...’

ಅಣ್ಣ ಇದ್ದಿದ್ದರೆ ಅವನಿಗೇ ಕೊಡುತ್ತಿದ್ದ ಎನ್ನುವುದು ಇಬ್ಬರಿಗೂ ಗೊತ್ತಿತ್ತು. ಕೊಡಲು ಮನಸ್ಸಿಲ್ಲ ಎನ್ನುವುದು ನನಗೊಬ್ಬಳಿಗೇ ಗೊತ್ತಿತ್ತು. ಕೊನೆಗೆ ಒಂದು ಷರತ್ತು ಹಾಕಿ ಹೊರತೆಗೆದೆ. ಆ ಸ್ಕ್ರೂ ಯಾರೂ ಮುಟ್ಟಬಾರದು. ಅಣ್ಣನ ಕೈ ಕೊನೆಯದಾಗಿ ನಿಲ್ಲಿಸಿದ ಜಾಗ ಅದು. ಅಲ್ಲೇ ಇರಬೇಕು.

‘ಮುಟ್ಟಂಗಿಲ್ರಿ ಅಕ್ಕಾರ,’ ಎಂದ ಶರಣಪ್ಪ. ಸ್ಟಾರ್ಟ್ ಮಾಡುವ ದಾರವನ್ನು ಎಳೆದ. ಮತ್ತೆ ಎಳೆದ. ಇಪ್ಪತ್ತು ಸಲ ಎಳೆದು ಬೆವರಿದ. ಮಷೀನ್ ಉಸಿರೆತ್ತಲಿಲ್ಲ.

ಹಾಗೆ ನಾವಿಬ್ಬರೂ ಒಂದು ಮಳೆಯ ಮಧ್ಯಾಹ್ನ ಶಿವಾಜಿನಗರದ ಗಲ್ಲಿಯೊಂದರಲ್ಲಿ ಬಾಷಾ ಭಾಯಿಯ ಅಂಗಡಿ ಮುಂದೆ ನಿಂತೆವು. ಜನರೇಟರ್, ಪಂಪು, ಹುಲ್ಲು ಕೊಯ್ಯುವ ಮಷೀನ್, ಎಲ್ಲದಕ್ಕೂ ಅವರೇ ವೈದ್ಯರು. ಟ್ಯಾಂಕಿನ ಮುಚ್ಚಳ ತೆರೆದು ಮೂಸಿದರು. ಮುಖ ಸಿಂಡರಿಸಿದರು.

‘ಯಾ ಅಲ್ಲಾ! ಯಾರು ಮೇಡಂ, ಇಷ್ಟು ತಿಂಗಳು ಪೆಟ್ರೋಲ್ ಒಳಗೇ ಬಿಟ್ಟಿದ್ದು?’

‘ನಾನೇ,’ ಎಂದೆ.

‘ದುಶ್ಮನ್ ಕೂಡ ಮಾಡಲ್ಲ ಹಿಂಗೆ. ನಿಲ್ಲಿಸಿ ಇಡೋದಾದ್ರೆ ಮೊದಲು ಟ್ಯಾಂಕ್ ಖಾಲಿ ಮಾಡ್ಬೇಕು. ಪೆಟ್ರೋಲ್ ಕೆಟ್ಟು ಅಂಟು ಆಗಿದೆ. ಕಾರ್ಬುರೇಟರ್ ಪೂರಾ ಬಂದ್.’

ಶರಣಪ್ಪ ನೆಲ ನೋಡಿದ. ಅಣ್ಣನ ನೆನಪು ಎಂದು ನಾನು ಕಾಪಾಡಿದ್ದೇ ಅಣ್ಣನ ಮಷೀನಿನ ಕತ್ತು ಹಿಸುಕಿತ್ತು. ಇಂಥ ತಪ್ಪನ್ನು ಬೇರೆ ಯಾರಾದರೂ ಮಾಡಿಯಾರೇ?

ತೊಳೆಯಬೇಕು ಎಂದರೆ ಆ ಸ್ಕ್ರೂ ಬಿಚ್ಚಲೇಬೇಕು. ನನ್ನ ಷರತ್ತು ಹೇಳಿದೆ. ಮಾರ್ಚಿನ ಆ ಭಾನುವಾರ, ಮಂಗಳವಾರದ ಕಥೆಯನ್ನೂ ಹೇಳಿದೆ. ಬಾಷಾ ಭಾಯಿ ನಗಲಿಲ್ಲ. ಕೈ ಒರೆಸಿಕೊಂಡು ಸ್ಟೂಲ್ ಕೊಟ್ಟರು.

‘ನೋಡಿ. ಬಿಚ್ಚೋಕೆ ಮುಂಚೆ ಬಲಕ್ಕೆ ತಿರುಗಿಸ್ತೀನಿ, ಪೂರಾ ಮುಚ್ಚೋ ತನಕ. ಎಷ್ಟು ಸುತ್ತು ಅಂತ ಎಣಿಸಿ ಇಟ್ಕೋತೀನಿ. ತೊಳೆದ ಮೇಲೆ ಅಷ್ಟೇ ಸುತ್ತು ವಾಪಸ್. ನಿಮ್ಮ ಭಾಯಿ ಎಲ್ಲಿ ನಿಲ್ಲಿಸಿದ್ರೋ ಅಲ್ಲೇ ನಿಲ್ಲುತ್ತೆ. ಓಕೆ?’

ಅವರು ತಿರುಗಿಸಿದರು. ನಾವು ಮೂವರೂ ಉಸಿರು ಹಿಡಿದು ಎಣಿಸಿದೆವು. ಒಂದು ಸುತ್ತು, ಮೇಲೆ ಕಾಲು. ‘ಒಂದೂಕಾಲು,’ ಎಂದರು ಬಾಷಾ ಭಾಯಿ. ಮಾರ್ಕರ್‌ನಲ್ಲಿ ಮಷೀನ್ ಮುಚ್ಚಳದ ಒಳಗೆ ಬರೆದೂ ಇಟ್ಟರು.

ಹಳೆಯ ಪೆಟ್ರೋಲನ್ನು ಒಂದು ಬಾಟಲಿಗೆ ಬಗ್ಗಿಸಿದರು. ಚಹಾದ ಬಣ್ಣಕ್ಕೆ ತಿರುಗಿತ್ತು. ‘ಇದು ಬೇಕಾ?’ ಎಂದು ನನ್ನ ಮುಖ ನೋಡಿದರು. ಬಾಟಲಿಯನ್ನು ಒಮ್ಮೆ ಮೂಸಿದೆ. ಬೇಡ, ಚೆಲ್ಲಿಬಿಡಿ ಎಂದೆ. ‘ನಕ್ಕೋ, ಬೇಡ ಮೇಡಂ, ಚೆಲ್ಲೋದ್ ಯಾಕೆ? ಜಿಡ್ಡು ತೊಳೆಯೋಕೆ ಆಗುತ್ತೆ’ ಎಂದು ಬಟ್ಟಲಿಗೆ ಸುರಿದು, ಅಣ್ಣನ ಮಷೀನಿನ ಜಿಡ್ಡುಗಟ್ಟಿದ ಭಾಗಗಳನ್ನು ಅದರಲ್ಲೇ ಬ್ರಶ್ ಹಾಕಿ ಉಜ್ಜಿದರು.

ಒಳಗಿನ ರಬ್ಬರ್ ಪೊರೆ ಒಣಗಿ ಹಪ್ಪಳವಾಗಿತ್ತು. ಹೊಸದು ಹಾಕಿದರು. ಎಲ್ಲ ಜೋಡಿಸಿ, ಎಣಿಸಿ, ಒಂದೂಕಾಲು ಸುತ್ತಿಗೆ ಸ್ಕ್ರೂ ನಿಲ್ಲಿಸಿದರು. ಶರಣಪ್ಪ ದಾರ ಎಳೆದ. ಮೂರನೇ ಎಳೆತಕ್ಕೆ ಮಷೀನ್ ಎದ್ದಿತು.

ಎದ್ದು ಸಿಳ್ಳೆ ಹಾಕಿತು.

ಗಲ್ಲಿಯ ಆ ತುದಿಯವರೂ ತಿರುಗಿ ನೋಡುವಷ್ಟು ಜೋರಾದ, ಕೀರಲು ಸದ್ದು. ‘ಇದಲ್ಲ!’ ಎಂದು ಕೂಗಿದೆ. ‘ಇದು ನಮ್ಮಣ್ಣನದಲ್ಲ.’

ಬಾಷಾ ಭಾಯಿ ಆಫ್ ಮಾಡಿದರು. ‘ನಂಬರ್ ಅದೇ ಮೇಡಂ. ಗಾಳಿ ಬೇರೆ. ಅವರು ಮಾರ್ಚ್ ಬಿಸಿಲಲ್ಲಿ ಸೆಟ್ ಮಾಡಿದ್ದು. ಈಗ ನವೆಂಬರ್, ಥಂಡಿ. ಥಂಡಿ ಗಾಳಿ ಗಟ್ಟಿ ಇರುತ್ತೆ, ಪೆಟ್ರೋಲ್ ಜಾಸ್ತಿ ಕೇಳುತ್ತೆ. ಹೊಸ ಪೊರೆ ಬೇರೆ. ನಿಮ್ಮ ಭಾಯಿ ಬದುಕಿದ್ದಿದ್ರೆ ಅವರೇ ತಿರುಗಿಸ್ತಿದ್ರು. ಹೀಗೇ ಓಡಿಸಿದ್ರೆ ನಾಲ್ಕು ದಿನಕ್ಕೆ ಎಂಜಿನ್ ಸುಟ್ಟು ಹೋಗುತ್ತೆ.’

ಪ್ರತಿ ಭಾನುವಾರ ತಾರಸಿಗೆ ಹೋಗುತ್ತಿದ್ದದ್ದು ಇದಕ್ಕೇ ಅಲ್ಲವೇ? ಒಂದು ಜಾಗದಲ್ಲಿ ನಿಲ್ಲಿಸಿ ಮರೆತುಬಿಡುವಂತಿದ್ದರೆ ವಾರವಾರ ಯಾಕೆ ಕೂರುತ್ತಿದ್ದ? ಇಪ್ಪತ್ತು ವರ್ಷ ನೋಡಿದವಳಿಗೆ ಇದು ಹೊಳೆಯಲು ಶಿವಾಜಿನಗರಕ್ಕೆ ಬರಬೇಕಾಯಿತು.

‘ತಿರುಗಿಸಿ,’ ಎಂದೆ.

‘ನಾನು ತಿರುಗಿಸ್ತೀನಿ. ಎಲ್ಲಿ ನಿಲ್ಲಿಸ್ಬೇಕು ನೀವು ಹೇಳಿ. ಅವರ ಸೌಂಡ್ ನಂಗೊತ್ತಿಲ್ಲ, ನಿಮಗ್ ಗೊತ್ತು.’

ಮಷೀನ್ ಮತ್ತೆ ಎದ್ದಿತು. ನಾನು ಕಣ್ಣು ಮುಚ್ಚಿದೆ. ಸಿಳ್ಳೆ ಸ್ವಲ್ಪ ಇಳಿಯಿತು. ಇನ್ನೂ ಇಳಿಯಿತು. ಒಗ್ಗರಣೆ ಹಾಕುತ್ತ, ಬಟ್ಟೆ ಒಗೆಯುತ್ತ, ಇದೇ ಅಂಕಣ ಬರೆಯುತ್ತ, ಬೈಯುತ್ತ ಕೇಳಿದ ಸದ್ದಿಗೆ ಕಾದೆ. ಬಂತು. ಗೊರಗೊರ ಕೆಮ್ಮು.

‘ಸಾಕು!’

ಶರಣಪ್ಪ ಅಂಗಡಿ ಮುಂದಿದ್ದ ಮರದ ದಿಮ್ಮಿಗೆ ತಾಗಿಸಿದ. ಕೆಮ್ಮು ನಿಂತು ಹಾಡಾಯಿತು. ಹೊಟ್ಟು ಅವನ ಕಾಲ ಮೇಲೆ ಸುರಿಯಿತು. ‘ಅಣ್ಣಾರ್ ಮಷೀನೇ ಅದ ರೀ ಅಕ್ಕಾರ,’ ಎಂದ. ಅವನ ಕಣ್ಣು ಒದ್ದೆಯಾಗಿತ್ತು. (ಹೊಟ್ಟು ಬಿತ್ತು ಎಂದ. ಆಯಿತಪ್ಪ.)

ಮುಚ್ಚಳದೊಳಗಿನ ಒಂದೂಕಾಲನ್ನು ಬಾಷಾ ಭಾಯಿ ಅಳಿಸಲಿಲ್ಲ. ಪಕ್ಕದಲ್ಲಿ ‘ಒಂದೂವರೆ’ ಎಂದು ಬರೆದರು.

ಕಳೆದ ಬುಧವಾರ ನಮ್ಮ ಹಿಂದಿನ ರಸ್ತೆಯಲ್ಲಿ ಹೊಂಗೆ ಕೊಂಬೆಯೊಂದು ಮುರಿದುಬಿತ್ತು. ಅಡುಗೆಮನೆಯಲ್ಲಿದ್ದೆ. ಕೆಮ್ಮು ಕೇಳಿಸಿತು. ಕೈ ತಾನಾಗಿ ಎರಡನೇ ಲೋಟ ತೆಗೆದು ಕಾಫಿ ಹಾಕಿಟ್ಟಿತು. ಸೆಲ್ವಿ ಅಕ್ಕ ಕಿಟಕಿಯಿಂದ ‘ತಂಬಿ ಮಷೀನ್ ಅಲ್ವಾ?’ ಎಂದರು. ಕೆಲಸ ಮುಗಿಸಿ ಬಂದ ಶರಣಪ್ಪ ಆ ಕಾಫಿ ಕುಡಿದು ಲೋಟ ತೊಳೆದಿಟ್ಟು ಹೋದ. ಎಂಟು ತಿಂಗಳಲ್ಲಿ ಮೊದಲ ಸಲ ಆ ಲೋಟ ಒದ್ದೆಯಾಗಿದ್ದು.

ಬಾಷಾ ಭಾಯಿಗೆ, ಶರಣಪ್ಪನಿಗೆ, ಸೆಲ್ವಿ ಅಕ್ಕನಿಗೆ ನಾನು ಋಣಿ. ಹೆಸರು ಹಾಕಬೇಡ ಎಂದವನಿಗೆ ಎಲ್ಲರಿಗಿಂತ ಹೆಚ್ಚು. ನನಗೆ ಗೊತ್ತಾಗದ ಹಾಗೆ ನನ್ನ ಕಿವಿಯನ್ನೂ ಟ್ಯೂನ್ ಮಾಡಿಟ್ಟು ಹೋಗಿದ್ದಾನೆ.

ಕೋಣೆಯಲ್ಲಿ ಈಗ ಪೆಟ್ರೋಲ್ ವಾಸನೆಯಿಲ್ಲ. ಅಂದಹಾಗೆ, ನಿಮ್ಮ ಮಂಚದ ಕೆಳಗೆ ಏನಿಟ್ಟಿದ್ದೀರಿ?